ಹೊಳೆದದ್ದು ಯಾರ ಬಯೋಟಿನ್? ಇಲಿ ಕಿಡ್ನಿಯ ಒಂದು ಪ್ರಕರಣ

ಬೆಂಗಳೂರಿನ ಒಂದು ಸಂಶೋಧನಾ ಲ್ಯಾಬ್‌ನಲ್ಲಿ ನಡೆದ ಪ್ರಕರಣ ಇದು. ಲ್ಯಾಬ್ ಯಾವುದು, ಗೈಡ್ ಯಾರು ಅಂತ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರು ಹುಡುಕುತ್ತಿದ್ದ ಪ್ರೋಟೀನಿಗೆ ‘ಎಕ್ಸ್’ ಅನ್ನೋಣ. ಪ್ರಯೋಗ ಮಾಡಿದ್ದು ಒಬ್ಬ ಪಿಎಚ್.ಡಿ. ವಿದ್ಯಾರ್ಥಿನಿ. ಅದೇ ಕ್ಯಾಂಪಸ್ಸಿನ ಕಾನ್‌ಫೋಕಲ್ ಮೈಕ್ರೋಸ್ಕೋಪ್ ನೋಡಿಕೊಳ್ಳುತ್ತಿದ್ದವರಲ್ಲಿ ನಾನೂ ಒಬ್ಬ. ಹಾಗಾಗಿ ಸ್ಲೈಡ್‌ಗಳೆಲ್ಲ ನನ್ನ ಕಣ್ಣಮುಂದೆಯೇ ಹಾದುಹೋದವು.

ಬಯೋಟಿನ್ ಅಂದರೆ ವಿಟಮಿನ್ ಬಿ7, ಲ್ಯಾಬ್‌ಗಳಲ್ಲಿ ಅದನ್ನು ಗುರುತುಚೀಟಿಯ ಹಾಗೆ ಪ್ರೋಟೀನ್‌ಗಳಿಗೆ ಅಂಟಿಸುತ್ತಾರೆ. ಅದನ್ನು ಪತ್ತೆ ಮಾಡೋಕೆ ಹೊಳೆಯುವ ಬಣ್ಣ ಅಂಟಿಸಿದ ಆಂಟಿಬಾಡಿಗಳು (ಒಂದು ನಿರ್ದಿಷ್ಟ ಅಣುವನ್ನು ಹುಡುಕಿ ಹಿಡಿಯುವ ಪ್ರೋಟೀನ್‌ಗಳು) ಸಿಗುತ್ತವೆ. ಬಹಳ ಲ್ಯಾಬ್‌ಗಳ ಫ್ರಿಜ್‌ನಲ್ಲಿ ಅಂಥ ಒಂದಾದರೂ ವಯಲ್ ಇರುತ್ತದೆ. ಅದನ್ನು ಯಾವಾಗ ತೆಗೆಯಬೇಕು, ಯಾವಾಗ ಮುಟ್ಟಬಾರದು ಅನ್ನೋದನ್ನು ಮಾತ್ರ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಈ ಪ್ರಕರಣದಲ್ಲಿ ತಪ್ಪು ಚಿತ್ರ ಎರಡು ಸಲ ಬಂತು. ಎರಡು ಸಲವೂ ಚಿತ್ರ ತುಂಬಾ ಚೆನ್ನಾಗಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಹಿನ್ನೆಲೆ

ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ರಕ್ತನಾಳಗಳ ಗಂಟಿಗೆ ಗ್ಲಾಮೆರುಲಸ್ ಅಂತಾರೆ. ಸೋಸಿದ ನೀರು ಮುಂದೆ ಹರಿಯುವ ಕೊಳವೆಗಳು ಟ್ಯೂಬ್ಯೂಲ್‌ಗಳು. ಎಕ್ಸ್ ಒಂದು ಪೊರೆಯ ಪ್ರೋಟೀನ್. ಅದು ಗ್ಲಾಮೆರುಲಸ್‌ನಲ್ಲಿ ಇರಬೇಕು ಅಂತ ಆರ್‌ಎನ್‌ಎ ಮಾಹಿತಿ ಸುಳಿವು ಕೊಟ್ಟಿತ್ತು. ಪ್ರೋಟೀನ್ ನಿಜವಾಗಿ ಯಾವ ಜೀವಕೋಶದಲ್ಲಿದೆ ಅಂತ ತೋರಿಸುವುದೇ ವಿದ್ಯಾರ್ಥಿನಿಯ ಕೆಲಸ.

ಮೂರು ಬಣ್ಣದ ಸ್ಟೇನಿಂಗ್ ಬೇಕಿತ್ತು. ಗ್ಲಾಮೆರುಲಸ್‌ನ ಪೊಡೋಸೈಟ್ ಅನ್ನುವ ಜೀವಕೋಶಗಳನ್ನು ಗುರುತಿಸೋಕೆ ಅವುಗಳ ಪೊಡೋಸಿನ್ ಪ್ರೋಟೀನ್ ಹಿಡಿಯುವ ಆಂಟಿಬಾಡಿ, ಇದು ಮೊಲದ್ದು, ಅಂದರೆ ಮೊಲದಿಂದ ತೆಗೆದದ್ದು. ಟ್ಯೂಬ್ಯೂಲ್‌ನ ಮೊದಲ ಭಾಗಕ್ಕೆ ಅಲ್ಲಿನ ಮೆಗಾಲಿನ್ ಪ್ರೋಟೀನ್ ಹಿಡಿಯುವ ಆಂಟಿಬಾಡಿ, ಇದು ಮೇಕೆಯದು. ಮೂರನೆಯದು ಎಕ್ಸ್‌ನ ಆಂಟಿಬಾಡಿ. ಅದೂ ಮೊಲದ್ದೇ. ಬೇರೊಂದು ಲ್ಯಾಬ್‌ನವರು ಪ್ರೀತಿಯಿಂದ ಕೊಟ್ಟದ್ದು, ಪ್ರಮಾಣ ಬಹಳ ಕಮ್ಮಿ.

ಎರಡು ಮೊಲದ ಆಂಟಿಬಾಡಿಗಳು ಒಂದೇ ಸ್ಲೈಡಿನಲ್ಲಿದ್ದರೆ ಮೊಲದ ಆಂಟಿಬಾಡಿಯನ್ನು ಹಿಡಿಯುವ, ಬಣ್ಣ ಅಂಟಿಸಿದ ಇನ್ನೊಂದು ಆಂಟಿಬಾಡಿ (ಇದಕ್ಕೆ ಸೆಕೆಂಡರಿ ಅಂತಾರೆ) ಎರಡಕ್ಕೂ ಅಂಟುತ್ತದೆ. ಯಾವುದು ಪೊಡೋಸಿನ್, ಯಾವುದು ಎಕ್ಸ್ ಅಂತ ಬಿಡಿಸೋಕೆ ಆಗುವುದಿಲ್ಲ. ಅದಕ್ಕೆ ಎಕ್ಸ್‌ನ ಆಂಟಿಬಾಡಿಗೆ ಬಯೋಟಿನ್ ಅಂಟಿಸೋಣ ಅಂತ ತೀರ್ಮಾನ ಆಯಿತು. ಬಯೋಟಿನ್ ತೀರಾ ಪುಟ್ಟ ಅಣು. ತೂಕ ಬರೀ 244 ಡಾಲ್ಟನ್ (ಅಣುಗಳ ತೂಕದ ಅಳತೆ). ಆಂಟಿಬಾಡಿಯ ತೂಕ ಸುಮಾರು 1,50,000 ಡಾಲ್ಟನ್. ಅಷ್ಟು ದೊಡ್ಡದಕ್ಕೆ ಇಷ್ಟು ಚಿಕ್ಕದು ನಾಲ್ಕೈದು ಅಂಟಿದರೆ ಸಾಮಾನ್ಯವಾಗಿ ಅದರ ಕೆಲಸಕ್ಕೆ ತೊಂದರೆ ಆಗುವುದಿಲ್ಲ. ಆಮೇಲೆ ಬಣ್ಣ ಅಂಟಿಸಿದ ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನ್ ಹಾಕಿದರೆ ಅದು ಹೋಗಿ ಬಯೋಟಿನ್ ಹಿಡಿಯುತ್ತದೆ.

ಮೊದಲು ಪೊಡೋಸಿನ್ ಆಂಟಿಬಾಡಿ ಮತ್ತು ಅದರ ಸೆಕೆಂಡರಿ, ನಡುವೆ ಸಾದಾ ಮೊಲದ ಸೀರಂ, ಕೊನೆಗೆ ಬಯೋಟಿನ್ ಅಂಟಿದ ಎಕ್ಸ್ ಆಂಟಿಬಾಡಿ. ಸೆಕೆಂಡರಿಗೆ ಎರಡು ಕೈ ಇರುತ್ತದೆ, ಖಾಲಿ ಉಳಿದ ಕೈಯನ್ನು ಮೊಲದ ಸೀರಂ ಮುಚ್ಚುತ್ತದೆ. ಈ ಕ್ರಮ ಸರಿಯಾಗಿತ್ತು. ಬಯೋಟಿನ್ ಅಂಟಿಸುವ ಕೆಲಸವನ್ನೂ ಅವಳು ಅಚ್ಚುಕಟ್ಟಾಗಿ ಮಾಡಿದ್ದಳು. ಅಂಟಿಸುವುದಕ್ಕೆ ಅಡ್ಡ ಬರುವ ಟ್ರಿಸ್ ಇರುವ ಬಫರ್ (ದ್ರಾವಣ) ತೆಗೆದು, ಎನ್‌ಎಚ್‌ಎಸ್-ಎಲ್‌ಸಿ-ಬಯೋಟಿನ್ (ಪ್ರೋಟೀನಿಗೆ ಅಂಟಿಕೊಳ್ಳುವ ರೂಪದ ಬಯೋಟಿನ್) ಹಾಕಿ, ಅಂಟದೆ ಉಳಿದ ಬಯೋಟಿನ್ನನ್ನು ಡಯಾಲಿಸಿಸ್‌ನಲ್ಲಿ ಕಳೆದಿದ್ದಳು.

ಮೊದಲ ಚೆಂದದ ಚಿತ್ರ

ಹೆಪ್ಪುಗಟ್ಟಿಸಿ ಕತ್ತರಿಸಿದ ಕಿಡ್ನಿ ಸೆಕ್ಷನ್ (ತೆಳುವಾದ ಹೋಳು) ಮೇಲೆ ಅಲೆಕ್ಸಾ ಫ್ಲೋರ್ 488 ಬಣ್ಣದ ಸ್ಟ್ರೆಪ್ಟಾವಿಡಿನ್ ಹಾಕಿದಾಗ ಟ್ಯೂಬ್ಯೂಲ್‌ಗಳು ಹಸಿರಾಗಿ ಜಗಜಗ ಹೊಳೆದವು. ಗ್ಲಾಮೆರುಲಸ್‌ನಲ್ಲಿ ಏನೋ ಮಸುಕಾಗಿ ಕಂಡಿತು, ಅಷ್ಟೇ. ಆರ್‌ಎನ್‌ಎ ಹೇಳಿದ್ದೇ ಒಂದು, ಪ್ರೋಟೀನ್ ಹೇಳುತ್ತಿರುವುದೇ ಇನ್ನೊಂದು. ಗೈಡ್‌ಗೆ ಖುಷಿಯೋ ಖುಷಿ. ಯಾರೂ ನಿರೀಕ್ಷಿಸದ ಜಾಗದಲ್ಲಿ ಪ್ರೋಟೀನ್ ಸಿಕ್ಕರೆ ಅದೇ ಒಂದು ಪೇಪರ್, ಅಲ್ವಾ?

ಅವಳು ಕಣ್ಣುಮುಚ್ಚಿ ನಂಬಿದ್ದಳು ಅಂತ ಅಂದುಕೊಳ್ಳಬೇಡಿ. ಕೈಯಲ್ಲಿ ಮೂರು ಪುರಾವೆ ಇದ್ದವು.

ಒಂದು, ಸೆಕೆಂಡರಿಗಳನ್ನು ಮಾತ್ರ ಹಾಕಿದ ಸ್ಲೈಡ್. ಅದು ಕಪ್ಪಗೆ, ಸ್ವಚ್ಛವಾಗಿತ್ತು. ಎರಡು, ಸ್ಟ್ರೆಪ್ಟಾವಿಡಿನ್‌ಗೆ ಮೊದಲೇ ಬಿಡಿ ಬಯೋಟಿನ್ ತುಂಬಿಸಿ ಹಾಕಿದ ಸ್ಲೈಡ್. ಅದರಲ್ಲಿ ಹಸಿರು ಪೂರ್ತಿ ಮಾಯ. ಅಂದರೆ ಸ್ಟ್ರೆಪ್ಟಾವಿಡಿನ್ ಎಲ್ಲೆಂದರಲ್ಲಿ ಸುಮ್ನೆ ಅಂಟುತ್ತಿಲ್ಲ. ಮೂರು, ವೆಸ್ಟರ್ನ್ ಬ್ಲಾಟ್, ಅಂದರೆ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ. ಅಮೈನೋ ಆಮ್ಲಗಳ ಲೆಕ್ಕದಲ್ಲಿ ಎಕ್ಸ್‌ನ ತೂಕ 72 ಕಿಲೋಡಾಲ್ಟನ್. ಬಯೋಟಿನ್ ಅಂಟಿದ ಆಂಟಿಬಾಡಿ ಮತ್ತು ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ (ಬ್ಯಾಂಡ್ ಕಾಣಿಸುವ ಎಂಜೈಮ್ ಅಂಟಿಸಿದ ಸ್ಟ್ರೆಪ್ಟಾವಿಡಿನ್) ಹಾಕಿದಾಗ 75ರ ಹತ್ತಿರ ಒಂದು ಗಟ್ಟಿ ಬ್ಯಾಂಡ್ ಬಂದಿತ್ತು. ಇನ್ನೇನು ಬೇಕು ಹೇಳಿ.

ನನಗೆ ಆಗ ಕಿರಿಕಿರಿ ಮಾಡಿದ್ದು ಹಸಿರಿನ ಜಾಗ. ಪೊರೆಯ ಪ್ರೋಟೀನ್ ಆದರೆ ಜೀವಕೋಶದ ಅಂಚಿನಲ್ಲಿ ಗೆರೆ ಕಾಣಬೇಕು. ಇಲ್ಲಿ ಕಂಡದ್ದು ರವೆಯಂಥ ಕಣಗಳು. ಅದೂ ಜೀವಕೋಶದ ಬುಡದ ಕಡೆ ಒತ್ತಾಗಿ. ಮೆಗಾಲಿನ್ ಇರುವ ಬ್ರಶ್ ಬಾರ್ಡರ್ (ಜೀವಕೋಶದ ಬ್ರಶ್‌ನಂಥ ಅಂಚು) ಮೇಲ್ತುದಿಯಲ್ಲಿ ಕೆಂಪಗಿತ್ತು. ಹಸಿರು ಅದರ ಎದುರು ದಿಕ್ಕಿನಲ್ಲಿ. ಟ್ಯೂಬ್ಯೂಲ್‌ನ ಮೊದಲ ಭಾಗದಲ್ಲಿ ಬುಡದ ಕಡೆ ಒತ್ತೊತ್ತಾಗಿ ಇರುವುದು ಮೈಟೋಕಾಂಡ್ರಿಯಗಳು. ಇದನ್ನು ಹೇಳಿದಾಗ ‘ಎಕ್ಸ್ ಮೈಟೋಕಾಂಡ್ರಿಯಕ್ಕೂ ಹೋಗುತ್ತದೇನೋ’ ಅನ್ನುವ ಉತ್ತರ ಬಂತು. ಪೇಪರ್ ಇನ್ನೂ ದೊಡ್ಡದಾಯಿತು!

ಲ್ಯಾಬ್ ಮೀಟಿಂಗ್‌ನ ಪ್ರಶ್ನೆ

ತಿರುವು ಬಂದದ್ದು ಲ್ಯಾಬ್ ಮೀಟಿಂಗ್‌ನಲ್ಲಿ. ಲಿವರ್ ಮೇಲೆ ಕೆಲಸ ಮಾಡಿ ಬಂದಿದ್ದ ಒಬ್ಬ ಪೋಸ್ಟ್‌ಡಾಕ್ ಹಿಂದಿನ ಸಾಲಿನಿಂದ ಕೇಳಿದರು: “ಎಕ್ಸ್ ಆಂಟಿಬಾಡಿ ಹಾಕದೆ, ಬರೀ ಸ್ಟ್ರೆಪ್ಟಾವಿಡಿನ್ ಹಾಕಿದ ಸ್ಲೈಡ್ ಇದೆಯಾ?”

“ಸೆಕೆಂಡರಿ ಮಾತ್ರ ಹಾಕಿದ್ದು ಇದೆ ಸರ್.”

“ಅದರಲ್ಲಿ ಸ್ಟ್ರೆಪ್ಟಾವಿಡಿನ್ ಇತ್ತಾ?”

ಇರಲಿಲ್ಲ. ವಿದ್ಯಾರ್ಥಿನಿಯ ಲ್ಯಾಬ್‌ನ ಕಂಟ್ರೋಲ್ (ಹೋಲಿಸಿ ನೋಡೋಕೆ ಮಾಡುವ ಸ್ಲೈಡ್) ಪಟ್ಟಿಯಲ್ಲಿ ‘ಸೆಕೆಂಡರಿ’ ಅಂದರೆ ಆಂಟಿಬಾಡಿ ಅಂತಲೇ ಎಲ್ಲರೂ ತಿಳಿದಿದ್ದರು. ಸ್ಟ್ರೆಪ್ಟಾವಿಡಿನ್ ಆಂಟಿಬಾಡಿ ಅಲ್ಲ. ಹಾಗಾಗಿ ಪಟ್ಟಿಯಿಂದ ತಾನಾಗಿಯೇ ಜಾರಿಹೋಗಿತ್ತು.

ಆ ಸ್ಲೈಡ್ ಮಾಡಿದರು. ಟ್ಯೂಬ್ಯೂಲ್‌ಗಳು ಅಷ್ಟೇ ಹಸಿರು, ಅದೇ ರವೆ ಕಣ. ಎಕ್ಸ್ ಆಂಟಿಬಾಡಿಯ ಒಂದು ಹನಿಯೂ ಅದರಲ್ಲಿ ಇರಲಿಲ್ಲ.

ಕಾರಣ ಹಳೆಯದು, ಗೊತ್ತಿರುವಂಥದ್ದೇ. ನಮ್ಮ ದೇಹಕ್ಕೆ, ಇಲಿಯ ದೇಹಕ್ಕೂ, ಬಯೋಟಿನ್ ಬೇಕು. ಕಾರ್ಬಾಕ್ಸಿಲೇಸ್ ಅನ್ನುವ ಕೆಲವು ಎಂಜೈಮ್‌ಗಳು ಬಯೋಟಿನ್ನನ್ನು ಗಟ್ಟಿಯಾಗಿ ಅಂಟಿಸಿಕೊಂಡೇ ಕೆಲಸ ಮಾಡುತ್ತವೆ. ಪೈರುವೇಟ್ ಕಾರ್ಬಾಕ್ಸಿಲೇಸ್ ಸುಮಾರು 130 ಕಿಲೋಡಾಲ್ಟನ್. ಪ್ರೊಪಿಯೋನಿಲ್-ಕೋಎ ಕಾರ್ಬಾಕ್ಸಿಲೇಸ್ ಮತ್ತು ಮೀಥೈಲ್‌ಕ್ರೋಟೋನಿಲ್-ಕೋಎ ಕಾರ್ಬಾಕ್ಸಿಲೇಸ್‌ಗಳ ಬಯೋಟಿನ್ ಇರುವ ಭಾಗ 75ರ ಆಸುಪಾಸು. ಈ ಮೂರೂ ಮೈಟೋಕಾಂಡ್ರಿಯದೊಳಗೆ ಇರುತ್ತವೆ. ಅಸಿಟೈಲ್-ಕೋಎ ಕಾರ್ಬಾಕ್ಸಿಲೇಸ್ ಇನ್ನೂ ದೊಡ್ಡದು, 265 ದಾಟುತ್ತದೆ. ಕಿಡ್ನಿ ಮತ್ತು ಲಿವರ್ ಎರಡರಲ್ಲೂ ಇವು ಧಾರಾಳ.

75ರ ಬ್ಯಾಂಡ್ ಏನು ಅಂತ ಈಗ ಅರ್ಥ ಆಯಿತಲ್ಲ. ಎಕ್ಸ್‌ನ ಲೆಕ್ಕದ ತೂಕ ಕಾಕತಾಳೀಯವಾಗಿ ಕಾರ್ಬಾಕ್ಸಿಲೇಸ್‌ಗಳ ಪಕ್ಕದಲ್ಲೇ ಇತ್ತು. ಹಾಗಾದರೆ 130ರ ಬ್ಯಾಂಡ್ ಯಾಕೆ ಕಾಣಲಿಲ್ಲ? ನೋಟ್‌ಬುಕ್ ತೆಗೆದು ನೋಡಿದರೆ, ಬ್ಲಾಟ್ ಹಾಳೆಯ ಮೇಲ್ಭಾಗವನ್ನು 100ರ ಹತ್ತಿರ ಕತ್ತರಿಸಿ ಬೇರೊಂದು ಆಂಟಿಬಾಡಿಗೆ ಕೊಟ್ಟಿದ್ದರು. ಸುಳ್ಳು ಹೊರಗೆ ಹಾಕಬಹುದಾಗಿದ್ದ ಬ್ಯಾಂಡ್ ಕತ್ತರಿಗೆ ಸಿಕ್ಕಿ ಹೋಗಿತ್ತು. ಆಂಟಿಬಾಡಿಯೇ ಇಲ್ಲದ ಬ್ಲಾಟಿಗೆ ಬರೀ ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ ಹಾಕಿದಾಗ 75, 130 ಎರಡೂ ಬಂದವು.

ಎರಡನೆಯ ಪುರಾವೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಬಹಳ ಜನ ಜಾರುವುದು ಇಲ್ಲೇ. ಬಿಡಿ ಬಯೋಟಿನ್ ತುಂಬಿಸಿದಾಗ ಹಸಿರು ಮಾಯವಾಯಿತು. ಅದರಿಂದ ಗೊತ್ತಾಗಿದ್ದು, ಸ್ಟ್ರೆಪ್ಟಾವಿಡಿನ್ ಹಿಡಿದಿದ್ದು ನಿಜವಾದ ಬಯೋಟಿನ್ನನ್ನೇ ಅಂತ. ಸರಿಯಾದ ಉತ್ತರವೇ. ಆದರೆ ಆ ಬಯೋಟಿನ್ ಯಾರದು ಅನ್ನೋದಕ್ಕೆ ಆ ಕಂಟ್ರೋಲ್ ಉತ್ತರ ಕೊಡುವುದಿಲ್ಲ. ನಮ್ಮ ಮಗುವಿಗೆ ಕೆಂಪು ಟೋಪಿ ಹಾಕಿ ಜಾತ್ರೆಗೆ ಕಳಿಸಿ, ಕೆಂಪು ಟೋಪಿ ಕಂಡಲ್ಲೆಲ್ಲ ನಮ್ಮ ಮಗು ಅಂದುಕೊಂಡ ಹಾಗೆ. ‘ಅದು ಟೋಪಿಯೇ ಹೌದಾ’ ಅನ್ನುವ ಪ್ರಶ್ನೆ ಬೇರೆ, ‘ಊರಲ್ಲಿ ಬೇರೆ ಯಾರೂ ಕೆಂಪು ಟೋಪಿ ಹಾಕಿಲ್ಲವಾ’ ಅನ್ನುವ ಪ್ರಶ್ನೆ ಬೇರೆ. ಎರಡನೆಯದಕ್ಕೆ ಬೇಕಾದ್ದು ಎಕ್ಸ್ ಆಂಟಿಬಾಡಿ ಇಲ್ಲದ ಸ್ಲೈಡ್. ತಮಾಷೆ ನೋಡಿ, ಅಪರೂಪದ ಆಂಟಿಬಾಡಿ ಉಳಿಸಬೇಕು ಅಂತ ಕಂಟ್ರೋಲ್‌ಗಳನ್ನು ಕಮ್ಮಿ ಮಾಡಿದ್ದರು. ಅತಿ ಮುಖ್ಯವಾದ ಕಂಟ್ರೋಲ್‌ಗೆ ಆ ಆಂಟಿಬಾಡಿಯೇ ಬೇಕಿರಲಿಲ್ಲ.

ಬ್ಲಾಕ್ ಮಾಡುವ ಪ್ರಯತ್ನ

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಅವಿಡಿನ್-ಬಯೋಟಿನ್ ಬ್ಲಾಕ್. 1981ರಲ್ಲಿ ವುಡ್ ಮತ್ತು ವಾರ್ನ್‌ಕೆ ವಿವರಿಸಿದ ಕ್ರಮ. ಮೊದಲು ಸ್ಟ್ರೆಪ್ಟಾವಿಡಿನ್‌ನಂತೆಯೇ ಬಯೋಟಿನ್ ಹಿಡಿಯುವ ಅವಿಡಿನ್ ಹಾಕಿ ಸೆಕ್ಷನ್‌ನ ಸ್ವಂತ ಬಯೋಟಿನ್ ಮುಚ್ಚುವುದು. ಅವಿಡಿನ್‌ಗೆ ಬಯೋಟಿನ್ ಹಿಡಿಯೋಕೆ ನಾಲ್ಕು ಜಾಗ ಇವೆ, ಕೆಲವು ಖಾಲಿ ಉಳಿಯುತ್ತವೆ. ಅವನ್ನು ಬಿಡಿ ಬಯೋಟಿನ್‌ನಿಂದ ತುಂಬುವುದು. ಆಮೇಲೆ ಚೆನ್ನಾಗಿ ತೊಳೆಯುವುದು.

ಹಸಿರು ಕಮ್ಮಿ ಆಯಿತು, ಪೂರ್ತಿ ಹೋಗಲಿಲ್ಲ. ಸೆಕ್ಷನ್‌ನಿಂದ ಸೆಕ್ಷನ್‌ಗೆ ಫಲಿತಾಂಶ ಬದಲಾಗುತ್ತಿತ್ತು. ಕಿಡ್ನಿಯಂಥ ಅಂಗದಲ್ಲಿ ಇದು ಸಾಮಾನ್ಯ. ಆಕಾರ ಇನ್ನೂ ಚೆನ್ನಾಗಿ ಕಾಣಲಿ ಅಂತ ನಡುವೆ ಪ್ಯಾರಾಫಿನ್ (ಮೇಣದಲ್ಲಿ ಕೂರಿಸಿ ಕತ್ತರಿಸಿದ) ಸೆಕ್ಷನ್‌ಗೂ ಹೋದರು. ಅಲ್ಲಿ ಆಂಟಿಜೆನ್ ರಿಟ್ರೀವಲ್ ಅಂತ ಸಿಟ್ರೇಟ್ ಬಫರ್‌ನಲ್ಲಿ ಕುದಿಸಬೇಕು. ಕುದಿಸಿದರೆ ಮುಚ್ಚಿಹೋಗಿದ್ದ ಬಯೋಟಿನ್ ಮತ್ತೆ ತೆರೆದುಕೊಳ್ಳುತ್ತದೆ. ಹಸಿರು ಇನ್ನೂ ಜೋರಾಯಿತು. ವಾಪಸ್ ಹೆಪ್ಪುಗಟ್ಟಿಸಿದ ಸೆಕ್ಷನ್‌ಗೇ ಬಂದರು.

ಬಯೋಟಿನ್ ಹಿಡಿಯುವ ಆಂಟಿಬಾಡಿ

ಆಗ ಬಂತು ಹೊಸ ಸಲಹೆ. ರಿಯೇಜೆಂಟ್ ಸರಬರಾಜು ಮಾಡುವ ಒಬ್ಬರು, “ಮೇಡಂ, ಸ್ಟ್ರೆಪ್ಟಾವಿಡಿನ್ ಬಿಟ್ಟು ಆಂಟಿ-ಬಯೋಟಿನ್ ಆಂಟಿಬಾಡಿ ತಗೊಳ್ಳಿ, ಎಂಡೋಜೀನಸ್ ಬಯೋಟಿನ್ ಪ್ರಾಬ್ಲಮ್ಮೇ ಬರಲ್ಲ” ಅಂದರು. ಎಂಡೋಜೀನಸ್ ಅಂದರೆ ಸೆಕ್ಷನ್‌ನಲ್ಲೇ ಇರುವ ಸ್ವಂತದ್ದು. ಅವರ ಮಾತು ಅರ್ಧ ಸತ್ಯ. ಯಾವ ಅರ್ಧ ಅನ್ನೋದು ಮುಖ್ಯ.

ಬಯೋಟಿನ್‌ನಂಥ ಪುಟ್ಟ ಅಣುವಿನ ವಿರುದ್ಧ ಪ್ರಾಣಿಗಳ ದೇಹ ನೇರವಾಗಿ ಆಂಟಿಬಾಡಿ ಮಾಡುವುದಿಲ್ಲ. ಅದನ್ನು ದೊಡ್ಡದೊಂದು ಪ್ರೋಟೀನಿಗೆ ಅಂಟಿಸಿ ಚುಚ್ಚಬೇಕು. ಮೇಕೆ, ಮೊಲಗಳಿಂದ ಹೀಗೆ ಪಾಲಿಕ್ಲೋನಲ್ (ಹಲವು ಬಗೆ ಬೆರೆತ) ಆಂಟಿಬಾಡಿ ತೆಗೆಯುತ್ತಾರೆ. ಇಲಿಯಿಂದ ಮೊನೊಕ್ಲೋನಲ್ (ಒಂದೇ ಬಗೆಯದು) ಮಾಡುತ್ತಾರೆ. ಶುದ್ಧ ಮಾಡಿದ ಮೇಲೆ ಅದಕ್ಕೆ ಎಫ್‌ಐಟಿಸಿ, ಸಿವೈ3, ಅಲೆಕ್ಸಾ ಫ್ಲೋರ್‌ನಂಥ ಬಣ್ಣ ಅಂಟಿಸುತ್ತಾರೆ. ಬಣ್ಣ ಜಾಸ್ತಿ ಅಂಟಿಸಿದಷ್ಟೂ ಜಾಸ್ತಿ ಹೊಳೆಯುತ್ತದೆ ಅಂತಲ್ಲ. ಒಂದು ಮಿತಿ ದಾಟಿದರೆ ಬಣ್ಣದ ಅಣುಗಳು ಒಂದರ ಬೆಳಕನ್ನು ಇನ್ನೊಂದು ನುಂಗುತ್ತವೆ, ಆಂಟಿಬಾಡಿಯ ಹಿಡಿತವೂ ಕೆಡುತ್ತದೆ.

ಸ್ಟ್ರೆಪ್ಟಾವಿಡಿನ್ ಬಯೋಟಿನ್ನನ್ನು ಫೆಮ್ಟೋಮೋಲಾರ್ ಮಟ್ಟದಲ್ಲಿ ಹಿಡಿಯುತ್ತದೆ (ಇದು ಹಿಡಿತದ ಅಳತೆ, ಚಿಕ್ಕದಾದಷ್ಟೂ ಹಿಡಿತ ಗಟ್ಟಿ). ಕೋವೇಲೆಂಟ್ ಬಂಧ ಇಲ್ಲದ ಹಿಡಿತಗಳಲ್ಲಿ ಅತ್ಯಂತ ಗಟ್ಟಿಯಾದವುಗಳಲ್ಲಿ ಅದೂ ಒಂದು. ಆಂಟಿಬಾಡಿಗಳದ್ದು ಹೆಚ್ಚಾಗಿ ನ್ಯಾನೋಮೋಲಾರ್ ಮಟ್ಟ, ಅಂದರೆ ಲಕ್ಷ ಪಟ್ಟಿಗೂ ಜಾಸ್ತಿ ಸಡಿಲ. ಅದರಲ್ಲೂ ಲಾಭ ಇದೆ. 2017ರಲ್ಲಿ ಬಯೋಟಿನ್ ಅಂಟಿದ ಪೆಪ್ಟೈಡ್‌ಗಳನ್ನು (ಪ್ರೋಟೀನ್ ತುಣುಕುಗಳನ್ನು) ಆಂಟಿಬಾಡಿಯಿಂದ ಹಿಡಿದು ಬಿಡಿಸಿ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಬಯೋಟಿನ್ ಎಲ್ಲೆಲ್ಲಿ ಅಂಟಿದೆ ಅಂತ ದೊಡ್ಡ ಪ್ರಮಾಣದಲ್ಲಿ ಗುರುತಿಸುವ ವಿಧಾನ ಬಂದದ್ದು ಇದರಿಂದಲೇ. ಸ್ಟ್ರೆಪ್ಟಾವಿಡಿನ್ ಹಿಡಿದರೆ ಬಿಡಿಸೋದು ಬಹಳ ಕಷ್ಟ. ಜೊತೆಗೆ ಸ್ಟ್ರೆಪ್ಟಾವಿಡಿನ್‌ನಲ್ಲಿ ಆರ್ಜಿನಿನ್-ಟೈರೋಸಿನ್-ಆಸ್ಪಾರ್ಟೇಟ್ ಅನ್ನುವ ತುಣುಕಿದೆ. ಜೀವಕೋಶದ ಮೇಲ್ಮೈಯ ಇಂಟೆಗ್ರಿನ್ ಪ್ರೋಟೀನ್‌ಗಳು ಗುರುತಿಸುವ ಆರ್‌ಜಿಡಿ ತುಣುಕನ್ನು ಅದು ಹೋಲುತ್ತದೆ. ಹಾಗಾಗಿ ಬಯೋಟಿನ್ ಇಲ್ಲದಿದ್ದರೂ ಕೆಲವೊಮ್ಮೆ ಜೀವಕೋಶಕ್ಕೆ ಅಂಟುತ್ತದೆ. ಆಂಟಿಬಾಡಿಗೆ ಆ ಚಾಳಿ ಇಲ್ಲ.

ಆದರೆ ಕಾರ್ಬಾಕ್ಸಿಲೇಸ್ ಮೇಲಿರುವ ಬಯೋಟಿನ್ ಕೂಡ ಬಯೋಟಿನ್ನೇ. ಆಂಟಿಬಾಡಿ ಅದನ್ನು ಕಂಡೂ ಕಾಣದಂತೆ ಇರಲಿ ಅಂತ ಬಯಸೋಕೆ ಯಾವ ಕಾರಣವೂ ಇಲ್ಲ. ಹಿಡಿತ ಸಡಿಲ ಇರುವುದರಿಂದ ಸ್ವಲ್ಪ ಕಮ್ಮಿ ಕಾಣಬಹುದು. ಆಗ ನಮ್ಮ ಆಂಟಿಬಾಡಿಯ ಬಯೋಟಿನ್ ಕೂಡ ಕಮ್ಮಿಯೇ ಕಾಣುತ್ತದೆ. ಇದನ್ನು ಆಗಲೇ ಹೇಳಿದೆವು. ‘ನೋಡೇ ಬಿಡೋಣ’ ಅಂತ ತರಿಸಿದರು. ಬಂದದ್ದು ಮೇಕೆಯ ಪಾಲಿಕ್ಲೋನಲ್, ಎಫ್‌ಐಟಿಸಿ ಬಣ್ಣದ್ದು.

(ಬಯೋಟಿನ್ ವಿಷಯ ಬಂದಾಗ ಇನ್ನೊಂದು ಮಾತು. ಕೂದಲು ಉದುರುತ್ತದೆ ಅಂತ 5-10 ಮಿಲಿಗ್ರಾಂ ಬಯೋಟಿನ್ ಮಾತ್ರೆ ನುಂಗುವವರು ನಮ್ಮ ಸುತ್ತ ಬಹಳ. ವಯಸ್ಕರಿಗೆ ದಿನಕ್ಕೆ ಸಾಕು ಅನ್ನೋದು 30 ಮೈಕ್ರೋಗ್ರಾಂ. ಬಯೋಟಿನ್-ಸ್ಟ್ರೆಪ್ಟಾವಿಡಿನ್ ಬಳಸುವ ರಕ್ತಪರೀಕ್ಷೆಗಳಲ್ಲಿ ಈ ಮಾತ್ರೆ ಫಲಿತಾಂಶ ಕೆಡಿಸಬಹುದು. ಟಿಎಸ್‌ಎಚ್ ಸುಳ್ಳೇ ಕಮ್ಮಿ, ಟಿ4 ಸುಳ್ಳೇ ಜಾಸ್ತಿ ತೋರಿಸಿ, ಇಲ್ಲದ ಥೈರಾಯ್ಡ್ ಕಾಯಿಲೆ ಇದ್ದಂತೆ ಕಾಣಬಹುದು. ಅಮೆರಿಕದ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಥೈರಾಯ್ಡ್ ಪರೀಕ್ಷೆಗೆ ಹೋಗುವ ಮುಂಚೆ ಡಾಕ್ಟರ್‌ಗೆ ಮಾತ್ರೆಯ ವಿಷಯ ಹೇಳಿಬಿಡಿ.)

ಎರಡನೆಯ ಚೆಂದದ ಚಿತ್ರ

ಈ ಸಲ ಗ್ಲಾಮೆರುಲಸ್‌ನಲ್ಲೂ ಹಸಿರು ಬಂತು, ಟ್ಯೂಬ್ಯೂಲ್‌ನ ಮೇಲ್ತುದಿಯಲ್ಲೂ ಬಂತು. ಮೆಗಾಲಿನ್‌ನ ಕೆಂಪು, ಎಕ್ಸ್‌ನ ಹಸಿರು, ಎರಡೂ ಸೇರಿ ಎಲ್ಲೆಲ್ಲೂ ಹಳದಿ. ಸಾಫ್ಟ್‌ವೇರ್‌ನಲ್ಲಿ ಕೋಲೋಕಲೈಸೇಶನ್ (ಎರಡು ಬಣ್ಣ ಎಷ್ಟರಮಟ್ಟಿಗೆ ಒಂದೇ ಕಡೆ ಇವೆ ಅನ್ನುವ) ಲೆಕ್ಕ ಹಾಕಿದರೆ ಸಂಖ್ಯೆ 1ರ ಹತ್ತಿರ ಬಂತು. ‘ಎಕ್ಸ್ ಮತ್ತು ಮೆಗಾಲಿನ್ ಜೊತೆಯಲ್ಲೇ ಇರುತ್ತವೆ’ ಅನ್ನುವ ಹೊಸ ಕಥೆ ಹುಟ್ಟಿತು.

ಗ್ಲಾಮೆರುಲಸ್‌ನಲ್ಲಿ ಮೆಗಾಲಿನ್ ಯಾಕೆ ಇದೆ ಅಂತ ನಾನು ಕೇಳಿದೆ. ಅದಕ್ಕೂ ಉತ್ತರ ತಯಾರಿತ್ತು. ರ್ಯಾಟ್ ಅನ್ನುವ ದೊಡ್ಡ ಇಲಿಯ ಪೊಡೋಸೈಟ್‌ಗಳಲ್ಲಿ ಮೆಗಾಲಿನ್ ಇದೆ ಅನ್ನೋದು ಹೇಮನ್ ನೆಫ್ರೈಟಿಸ್ (ರ್ಯಾಟ್‌ಗಳ ಒಂದು ಕಿಡ್ನಿ ಕಾಯಿಲೆ) ಸಂಶೋಧನೆಯಿಂದ ದಶಕಗಳ ಹಿಂದೆಯೇ ಗೊತ್ತಿರುವ ವಿಷಯ. ‘ಹಾಗಾದರೆ ಈ ಚಿಕ್ಕ ಇಲಿಯಲ್ಲೂ ಇದ್ದೀತು.’ ತಪ್ಪು ಚಿತ್ರಕ್ಕೆ ಆಸರೆ ಕೊಡೋಕೆ ಹಳೆಯ ಪೇಪರ್ ಯಾವಾಗಲೂ ಒಂದು ಸಿಕ್ಕೇ ಸಿಗುತ್ತದೆ. ಓದಿಕೊಂಡವರಿಗೆ ಈ ಅಪಾಯ ಜಾಸ್ತಿ ಅಂತ ನನ್ನ ಅನಿಸಿಕೆ.

ನಿಜವಾಗಿ ಆದದ್ದು ಇಷ್ಟು. ಮೆಗಾಲಿನ್ ಆಂಟಿಬಾಡಿ ಮೇಕೆಯದು. ಅದನ್ನು ಕಾಣಿಸೋಕೆ ಮೇಕೆಯ ಆಂಟಿಬಾಡಿಯನ್ನು ಹಿಡಿಯುವ, ಕತ್ತೆಯಿಂದ ತೆಗೆದ ಕೆಂಪು ಸೆಕೆಂಡರಿ ಹಾಕಿದ್ದರು. ಹೊಸದಾಗಿ ಬಂದ ಆಂಟಿ-ಬಯೋಟಿನ್ ಕೂಡ ಮೇಕೆಯದೇ. ಸಮಯ ಉಳಿಯಲಿ ಅಂತ ಎರಡನ್ನೂ ಒಂದೇ ಟ್ಯೂಬ್‌ನಲ್ಲಿ ಬೆರೆಸಿ ಹಾಕಿದ್ದರು. ಕೆಂಪು ಸೆಕೆಂಡರಿಗೆ ಮೇಕೆ ಅಂದರೆ ಮೇಕೆ. ಮೆಗಾಲಿನ್ ಮೇಲಿರುವುದಾದರೂ ಸರಿ, ಹಸಿರು ಬಣ್ಣದ್ದಾದರೂ ಸರಿ. ಹಸಿರು ಕೂತ ಕಡೆಯೆಲ್ಲ ಕೆಂಪು ಬಂತು. ಮೆಗಾಲಿನ್ ಮೇಲೆ ಕೂತ ಕೆಂಪು ತನ್ನ ಖಾಲಿ ಕೈಯಿಂದ ಹಸಿರನ್ನೂ ಎಳೆದುಕೊಂಡಿತು. ಎರಡೂ ದಿಕ್ಕಿನಿಂದ ಹಳದಿ.

ಸ್ಟ್ರೆಪ್ಟಾವಿಡಿನ್ ಇದ್ದಾಗ ಈ ತಾಪತ್ರಯ ಇರಲಿಲ್ಲ. ಅದು ಯಾವ ಪ್ರಾಣಿಯದ್ದೂ ಅಲ್ಲ, ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯದ್ದು. ಆಂಟಿಬಾಡಿಗೆ ಬದಲಾಯಿಸಿದ ಕ್ಷಣದಿಂದ ಸ್ಲೈಡಿನಲ್ಲಿ ಇನ್ನೊಂದು ಪ್ರಾಣಿ ಸೇರಿತು. ಕ್ಯಾಟಲಾಗ್‌ನಲ್ಲಿ ಬಣ್ಣ ಯಾವುದು ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಪ್ರಾಣಿ ಯಾವುದು ಅನ್ನೋದನ್ನು ನಾವೇ ಹುಡುಕಿ ನೋಡಬೇಕು.

ಇದು ಪತ್ತೆಯಾಗಿದ್ದು ‘ಒಂದನ್ನು ಬಿಟ್ಟು ಉಳಿದದ್ದೆಲ್ಲ’ ಅನ್ನುವ ಸ್ಲೈಡ್‌ಗಳಿಂದ. ಪ್ರತಿ ಸ್ಲೈಡಿನಲ್ಲೂ ಒಂದೇ ಒಂದು ಆಂಟಿಬಾಡಿ ಬಿಟ್ಟು ಮಿಕ್ಕಿದ್ದೆಲ್ಲ ಹಾಕುವುದು. ಇದನ್ನು ನಾನು ಹಟ ಹಿಡಿದು ಮಾಡಿಸಿದೆ. “ಇಷ್ಟೊಂದು ಸ್ಲೈಡ್‌ಗೆ ಆಂಟಿಬಾಡಿ ಎಲ್ಲಿಂದ ತರೋದು?” ಅಂತ ಗೈಡ್ ಗೊಣಗಿದರು. ಮೆಗಾಲಿನ್ ಆಂಟಿಬಾಡಿ ಬಿಟ್ಟ ಸ್ಲೈಡಿನಲ್ಲೂ ಕೆಂಪು ಬಂದಾಗ ಸುಮ್ಮನಾದರು. ಅಲ್ಲಿ ಕೆಂಪು ಬರೋಕೆ ಯಾವ ದಾರಿಯೂ ಇರಬಾರದಿತ್ತು.

ಮುಂದಿನ ನಿರ್ಧಾರಗಳು

ಇಲ್ಲಿ ಎರಡು ದಾರಿ ಇದ್ದವು. ಮೇಕೆಯ ಆಂಟಿ-ಬಯೋಟಿನ್ನನ್ನೇ ಇಟ್ಟುಕೊಂಡು ಕ್ರಮ ಬದಲಿಸಬಹುದಿತ್ತು: ಮೊದಲು ಮೆಗಾಲಿನ್ ಮತ್ತು ಕೆಂಪು ಸೆಕೆಂಡರಿ, ಆಮೇಲೆ ಸಾದಾ ಮೇಕೆ ಸೀರಂ ಹಾಕಿ ಖಾಲಿ ಕೈ ಮುಚ್ಚಿ, ಕೊನೆಗೆ ಆಂಟಿ-ಬಯೋಟಿನ್. ಮೊಲದ ಆಂಟಿಬಾಡಿಗಳಿಗೆ ಅವರೇ ಮಾಡಿದ್ದ ಉಪಾಯ ಇದು. ಆದರೆ ಒಂದೇ ಸ್ಲೈಡಿನಲ್ಲಿ ಇಂಥ ಎರಡು ಕಸರತ್ತು ಇದ್ದರೆ ಯಾವುದಾದರೂ ಒಂದು ಕೈಕೊಡುತ್ತದೆ. ಎರಡನೆಯ ದಾರಿ, ಬೇರೆ ಪ್ರಾಣಿಯ ಆಂಟಿ-ಬಯೋಟಿನ್ ತರುವುದು. ಅದನ್ನೇ ಆರಿಸಿದರು: ಇಲಿಯ ಮೊನೊಕ್ಲೋನಲ್, ನೇರವಾಗಿ ಅಲೆಕ್ಸಾ ಫ್ಲೋರ್ 647 ಅಂಟಿಸಿದ್ದು.

ಇಲಿಯ ಕಿಡ್ನಿ ಮೇಲೆ ಇಲಿಯ ಆಂಟಿಬಾಡಿನಾ ಅಂತ ಕೇಳಬಹುದು. ಸಾಮಾನ್ಯವಾಗಿ ತೊಂದರೆ ಕೊಡುವುದು ಇಲಿಯನ್ನು ಹಿಡಿಯುವ ಸೆಕೆಂಡರಿ. ಅದು ಸೆಕ್ಷನ್‌ನಲ್ಲಿರುವ ಇಲಿಯ ಸ್ವಂತ ಆಂಟಿಬಾಡಿಗಳಿಗೂ ಅಂಟುತ್ತದೆ. ಇಲ್ಲಿ ಸೆಕೆಂಡರಿಯೇ ಇಲ್ಲ, ಬಣ್ಣ ನೇರವಾಗಿ ಅಂಟಿದೆ. ಉಳಿದದ್ದು ಯಾವುದೇ ಆಂಟಿಬಾಡಿಯ ಬಾಲ ಹಿಡಿಯುವ ಎಫ್‌ಸಿ ರಿಸೆಪ್ಟರ್‌ಗಳು, ಅವನ್ನು ಬೇರೆಯಾಗಿ ಬ್ಲಾಕ್ ಮಾಡಿದರು. ಬಣ್ಣ ಬದಲಿಸಿದ್ದಕ್ಕೂ ಕಾರಣ ಇದೆ. ಕಿಡ್ನಿ ಟ್ಯೂಬ್ಯೂಲ್‌ಗಳು ಏನೂ ಹಾಕದಿದ್ದರೂ ಹಸಿರಿನಲ್ಲಿ ತಾವಾಗಿಯೇ ಸ್ವಲ್ಪ ಹೊಳೆಯುತ್ತವೆ. 650 ನ್ಯಾನೋಮೀಟರ್ ದಾಟಿದ ಮೇಲೆ ಆ ಹೊಳಪು ಬಹಳ ಕಮ್ಮಿ. ಆ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಡಿಟೆಕ್ಟರ್ ಬೇಕು. ಅದು ಒಳ್ಳೆಯದೇ. ಕಣ್ಣಿಗೆ ಚೆಂದ ಕಂಡ ಜಾಗದ ಫೋಟೋ ಮಾತ್ರ ತೆಗೆಯುವ ಆಸೆ ತಪ್ಪುತ್ತದೆ.

ಈ ಸಲ ಕಂಟ್ರೋಲ್‌ಗಳು ಮೊದಲು, ನಿಜವಾದ ಸ್ಲೈಡ್ ಆಮೇಲೆ. ಎಕ್ಸ್ ಆಂಟಿಬಾಡಿ ಇಲ್ಲದ್ದು ಒಂದು. ಎಕ್ಸ್ ಬದಲಿಗೆ ಅಷ್ಟೇ ಪ್ರಮಾಣದ, ಅದೇ ರೀತಿ ಬಯೋಟಿನ್ ಅಂಟಿಸಿದ ಸಾದಾ ಮೊಲದ ಐಜಿಜಿ (ಎಕ್ಸ್ ಹಿಡಿಯದ ಮಾಮೂಲಿ ಆಂಟಿಬಾಡಿ) ಹಾಕಿದ್ದು ಒಂದು. ಬಿಡಿ ಬಯೋಟಿನ್ ಬೆರೆಸಿದ ಆಂಟಿ-ಬಯೋಟಿನ್ ಹಾಕಿದ್ದು ಒಂದು. ಏನೂ ಹಾಕದ್ದು ಒಂದು. ಲೇಸರ್ ಪವರ್, ಡಿಟೆಕ್ಟರ್ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಎಲ್ಲವನ್ನೂ ಒಂದೇ ಮಟ್ಟದಲ್ಲಿ ಬೀಗ ಹಾಕಿಟ್ಟೆ. ಕಂಟ್ರೋಲ್ ಸ್ಲೈಡ್ ಕಪ್ಪಗಿದೆ ಅಂತ ಗೇನ್ ಏರಿಸುವುದು, ನಿಜವಾದ ಸ್ಲೈಡ್ ಜಾಸ್ತಿ ಹೊಳೆಯಿತು ಅಂತ ಇಳಿಸುವುದು ಶುರುವಾದರೆ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ಎಕ್ಸ್ ಆಂಟಿಬಾಡಿ ಇಲ್ಲದ ಸ್ಲೈಡಿನಲ್ಲಿ ಟ್ಯೂಬ್ಯೂಲ್‌ಗಳು ಮತ್ತೆ ಹೊಳೆದವು. ಸ್ಟ್ರೆಪ್ಟಾವಿಡಿನ್‌ನಷ್ಟು ಅಲ್ಲ, ಆದರೂ ಸ್ಪಷ್ಟವಾಗಿ. ಸರಬರಾಜುದಾರರ ಮಾತು ಅಲ್ಲಿಗೆ ಬಿತ್ತು. ಗ್ಲಾಮೆರುಲಸ್ ಮಾತ್ರ ಆ ಸ್ಲೈಡಿನಲ್ಲಿ ಕಪ್ಪಗಿತ್ತು. ಸಾದಾ ಐಜಿಜಿ ಹಾಕಿದ್ದರಲ್ಲೂ ಹೆಚ್ಚುಕಮ್ಮಿ ಕಪ್ಪೇ. ಎಕ್ಸ್ ಆಂಟಿಬಾಡಿ ಇದ್ದ ಸ್ಲೈಡಿನಲ್ಲಿ ಗ್ಲಾಮೆರುಲಸ್‌ನ ಪೊಡೋಸೈಟ್‌ಗಳ ಅಂಚಿನಲ್ಲಿ ತೆಳುವಾದ ಗೆರೆ ಬಂತು, ಪೊಡೋಸಿನ್ ಪಕ್ಕದಲ್ಲೇ. ಮೊದಲ ದಿನದಿಂದಲೂ ಅದು ಅಲ್ಲೇ ಇತ್ತು. ಟ್ಯೂಬ್ಯೂಲ್‌ನ ಅಬ್ಬರದಲ್ಲಿ ಯಾರೂ ಅದರತ್ತ ನೋಡಿರಲಿಲ್ಲ.

ಕೊನೆಯ ಮಾತು ಹೇಳಿದ್ದು ನಾಕ್‌ಔಟ್ ಇಲಿಯ ಕಿಡ್ನಿ. ಎಕ್ಸ್ ಜೀನ್ ತೆಗೆದ ಇಲಿಯ ಸೆಕ್ಷನ್‌ಗಳನ್ನು ಬೇರೊಂದು ಲ್ಯಾಬ್‌ನಿಂದ ತರಿಸಿದರು. ಗ್ಲಾಮೆರುಲಸ್‌ನ ಗೆರೆ ಮಾಯ. ಟ್ಯೂಬ್ಯೂಲ್‌ನ ಹೊಳಪು ಇದ್ದ ಹಾಗೇ ಇತ್ತು. ಬ್ಲಾಟನ್ನೂ ಬಯೋಟಿನ್ ಇಲ್ಲದೆ, ಮೊಲವನ್ನು ಹಿಡಿಯುವ ಸಾದಾ ಸೆಕೆಂಡರಿಯಿಂದ ಮತ್ತೆ ಮಾಡಿದರು. ಎಕ್ಸ್‌ನ ನಿಜವಾದ ಬ್ಯಾಂಡ್ 75ಕ್ಕಿಂತ ಸಾಕಷ್ಟು ಮೇಲಿತ್ತು, ನಾಕ್‌ಔಟ್‌ನಲ್ಲಿ ಇರಲಿಲ್ಲ. ಪೊರೆಯ ಪ್ರೋಟೀನ್‌ಗಳಿಗೆ ಸಕ್ಕರೆಯ ಸರಪಳಿ ಅಂಟಿ ತೂಕ ಏರುವುದು ಮಾಮೂಲು. ಲೆಕ್ಕದ ತೂಕಕ್ಕೇ ಬ್ಯಾಂಡ್ ಸರಿಯಾಗಿ ಬಂದಾಗ ಸ್ವಲ್ಪ ಅನುಮಾನ ಪಡಬೇಕಿತ್ತು.

ಚಿತ್ರ ಯಾವುದು ಹಾಕೋದು?

ಪೇಪರ್ ಬರೆಯುವಾಗ ಇನ್ನೊಂದು ಚರ್ಚೆ ಆಯಿತು. ಗ್ಲಾಮೆರುಲಸ್ ಒಂದನ್ನೇ ಕತ್ತರಿಸಿ ತೋರಿಸಿದರೆ ಆಂಟಿ-ಬಯೋಟಿನ್ ಚಿತ್ರ ಚೆನ್ನಾಗಿಯೇ ಇತ್ತು, ಸುಳ್ಳೂ ಅಲ್ಲ. ಗೈಡ್‌ಗೆ ಅದೇ ಇಷ್ಟ. ವಿದ್ಯಾರ್ಥಿನಿ ಒಪ್ಪಲಿಲ್ಲ. ಪೂರ್ತಿ ಚಿತ್ರ ಯಾರಾದರೂ ಕೇಳಿದರೆ ಟ್ಯೂಬ್ಯೂಲ್ ಯಾಕೆ ಹೊಳೆಯುತ್ತಿದೆ ಅಂತ ವಿವರಿಸಬೇಕಾಗುತ್ತದೆ, ಮೊದಲೇ ಯಾಕೆ ಹೇಳಬಾರದು ಅನ್ನೋದು ಅವಳ ವಾದ. ನನಗೂ ಅದೇ ಸರಿ ಅನ್ನಿಸಿತು.

ಕೊನೆಗೆ ಅವಳು ಬಯೋಟಿನ್ನನ್ನೇ ಬಿಟ್ಟಳು. ಉಳಿದಿದ್ದ ಎಕ್ಸ್ ಆಂಟಿಬಾಡಿಗೆ ನೇರವಾಗಿ 647 ಬಣ್ಣ ಅಂಟಿಸಿದಳು. ಹೊಳಪು ಕಮ್ಮಿ, ಗೆರೆ ತೆಳು. ಬಯೋಟಿನ್ ಮೂಲಕ ಹೋದರೆ ಒಂದು ಆಂಟಿಬಾಡಿ ಮೇಲೆ ಹಲವು ಬಣ್ಣ ಕೂರುತ್ತವೆ, ಸಿಗ್ನಲ್ ದೊಡ್ಡದಾಗುತ್ತದೆ. ನೇರ ಬಣ್ಣದಲ್ಲಿ ಆ ಸೌಲಭ್ಯ ಇಲ್ಲ. ಆದರೆ ಟ್ಯೂಬ್ಯೂಲ್ ಕಪ್ಪಗಿತ್ತು. ಆ ಚಿತ್ರ ಪೇಪರ್‌ಗೆ ಹೋಯಿತು. ನಾಕ್‌ಔಟ್ ಸ್ಲೈಡ್ ಪಕ್ಕದಲ್ಲೇ ಕೂತಿತು. ಬಯೋಟಿನ್ ಸ್ಲೈಡ್‌ಗಳು ಕಂಟ್ರೋಲ್‌ಗಳ ಸಮೇತ ಸಪ್ಲಿಮೆಂಟ್‌ಗೆ ಹೋದವು.

ಇಲಿಯ ಆಂಟಿ-ಬಯೋಟಿನ್ ವ್ಯರ್ಥ ಆಗಲಿಲ್ಲ. ಅದೇ ಲ್ಯಾಬ್‌ನಲ್ಲಿ ಬೆಳೆಸಿದ ಪೊಡೋಸೈಟ್‌ಗಳ ಮೇಲ್ಮೈ ಪ್ರೋಟೀನ್‌ಗಳಿಗೆ ಸಲ್ಫೋ-ಎನ್‌ಎಚ್‌ಎಸ್-ಬಯೋಟಿನ್ ಅಂಟಿಸಿ ನೋಡುವ ಕೆಲಸ ನಡೆಯುತ್ತಿತ್ತು. ಅಲ್ಲಿ ಜೀವಕೋಶಕ್ಕೆ ಡಿಟರ್ಜೆಂಟ್ ಹಾಕಿ ತೂತು ಮಾಡುವುದಿಲ್ಲ. ಕಾರ್ಬಾಕ್ಸಿಲೇಸ್‌ಗಳು ಜೀವಕೋಶದ ಒಳಗೆ, ಆಂಟಿಬಾಡಿ ಹೊರಗೆ. ಕಿಡ್ನಿಯಲ್ಲಿ ಕಾಡಿದ ಬಯೋಟಿನ್ ಇಲ್ಲಿ ಕೈಗೆ ಸಿಗುವುದೇ ಇಲ್ಲ. ಒಂದೇ ವಯಲ್, ಕಿಡ್ನಿ ಸೆಕ್ಷನ್ ಮೇಲೆ ಗೋಳು ಹೊಯ್ದುಕೊಂಡಿತು, ಇಲ್ಲಿ ಮೊದಲ ಸಲಕ್ಕೇ ಕೆಲಸ ಮಾಡಿತು. ನೋಡಿಕೊಂಡದ್ದು ಒಂದೇ ವಿಷಯ. ಈ ಜೀವಕೋಶಗಳನ್ನು ಬೆಳೆಸುವುದು ಆರ್‌ಪಿಎಂಐ 1640 ಅನ್ನುವ ಮೀಡಿಯಂನಲ್ಲಿ (ಪೋಷಕ ದ್ರಾವಣ). ಅದರಲ್ಲಿ ಲೀಟರ್‌ಗೆ 0.2 ಮಿಲಿಗ್ರಾಂ ಬಯೋಟಿನ್ ಇರುತ್ತದೆ. ಡಿಎಂಇಎಂ ಅನ್ನುವ ಇನ್ನೊಂದು ಮೀಡಿಯಂನಲ್ಲಿ ಬಯೋಟಿನ್ ಹಾಕಿರುವುದಿಲ್ಲ. ಮೀಡಿಯಂ ಉಳಿದರೆ ಆ ಬಿಡಿ ಬಯೋಟಿನ್ ಆಂಟಿಬಾಡಿಯ ಕೈ ತುಂಬಿಬಿಡುತ್ತದೆ. ಹಾಗಾಗಿ ತೊಳೆಯುವುದನ್ನು ಜಾಸ್ತಿ ಮಾಡಿದರು. ಬ್ಲಾಕಿಂಗ್‌ಗೆ (ಬೇಡದ ಕಡೆ ಅಂಟುವುದನ್ನು ತಡೆಯೋಕೆ) ಹಾಲಿನ ಪುಡಿ ಬಿಟ್ಟು ಬಿಎಸ್‌ಎ (ದನದ ರಕ್ತದ ಪ್ರೋಟೀನ್) ತಂದರು, ಹಾಲಿನಲ್ಲೂ ಬಯೋಟಿನ್ ಇರುತ್ತದಲ್ಲ.

ಮೇಕೆಯ ವಯಲ್ ಇನ್ನೂ ಫ್ರಿಜ್‌ನಲ್ಲಿದೆ. ಮುಚ್ಚಳದ ಮೇಲೆ ‘ಆಂಟಿ-ಗೋಟ್ ಜೊತೆ ಬೇಡ’ ಅಂತ ಟೇಪ್ ಅಂಟಿಸಿದ್ದಾರೆ. ಆಮೇಲೆ ಅದೇ ಲ್ಯಾಬ್‌ನ ಇನ್ನೊಬ್ಬ ವಿದ್ಯಾರ್ಥಿ ಲಿವರ್ ಸೆಕ್ಷನ್ ಮೇಲೆ ಬಯೋಟಿನ್ ಅಂಟಿಸಿದ ಆಂಟಿಬಾಡಿ ಬಳಸಬೇಕು ಅಂತ ಬಂದ. ಆಂಟಿಬಾಡಿ ಆರ್ಡರ್ ಮಾಡುವ ಮುಂಚೆ ಬರೀ ಡಿಟೆಕ್ಷನ್ ರಿಯೇಜೆಂಟ್ ಹಾಕಿದ ಒಂದು ಸ್ಲೈಡ್ ಮಾಡಿಕೊಂಡು ಬಾ ಅಂದೆ. ಇಡೀ ಸೆಕ್ಷನ್ ಹೊಳೆಯಿತು. ಅವನು ನೇರ ಬಣ್ಣದ ಆಂಟಿಬಾಡಿಯನ್ನೇ ಆರ್ಡರ್ ಮಾಡಿದ.